ನಿಯಮ ಬೇರೆ, ಯಂತ್ರ ಬೇರೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದಾರೆ. ಆ ಕ್ಷೇತ್ರದ ಇತಿಹಾಸದ ಒಂದು ಪುಟವನ್ನು, ಕಂಪ್ಯೂಟರಿನ ಗಂಧಗಾಳಿಯಿಲ್ಲದ ಬಂಧುಗಳಿಗೂ ತಿಳಿಯುವಂತೆ ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಯಾವುದೇ ಸಂಸ್ಥೆ ನಡೆಯುವುದು ನಿಯಮಗಳ ಮೇಲೆ. ಯಾರಿಗೆ ಸಾಲ ಕೊಡಬಹುದು, ಯಾರಿಗೆ ಪಿಂಚಣಿ ಸಲ್ಲಬೇಕು, ವಿಮೆಯ ಕಂತು ಎಷ್ಟು ಎಂಬುವೆಲ್ಲ ‘ಹೀಗಿದ್ದರೆ ಹಾಗೆ’ ಎಂಬ ರೂಪದ ಮಾತುಗಳೇ. ಕಚೇರಿಗಳಿಗೆ ಕಂಪ್ಯೂಟರು ಬಂದಾಗ ಈ ಮಾತುಗಳು ಪ್ರೋಗ್ರಾಮಿನ ಸಾವಿರಾರು ಸಾಲುಗಳ ನಡುವೆ ಹುದುಗಿಹೋದವು. ನಿಯಮ ಬದಲಾದಾಗಲೆಲ್ಲ ಪ್ರೋಗ್ರಾಮನ್ನೇ ಬಿಚ್ಚಿ ತಿದ್ದಬೇಕಾಯಿತು. ಅದಕ್ಕಿಂತ ಮಿಗಿಲಾಗಿ, ನಿಯಮವನ್ನು ರೂಪಿಸಿದ ಅಧಿಕಾರಿಗೇ ಅದನ್ನು ಅಲ್ಲಿ ಓದಲು ಬಾರದಾಯಿತು.

ಇದಕ್ಕೆ ಪರಿಹಾರದ ದಾರಿ ತೆರೆದುದು ವೈದ್ಯಕೀಯದಿಂದ ಎಂಬುದು ಕುತೂಹಲದ ಸಂಗತಿ. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಮತ್ತು ಸಹೋದ್ಯೋಗಿಗಳು ‘ಮೈಸಿನ್’ ಎಂಬ ಪ್ರೋಗ್ರಾಮನ್ನು ರಚಿಸಿದರು. ರಕ್ತದ ಸೋಂಕಿಗೆ ತಕ್ಕ ಔಷಧವನ್ನು ಸೂಚಿಸುವುದು ಅದರ ಕೆಲಸ. ವೈದ್ಯರ ತಿಳಿವಳಿಕೆಯನ್ನು ನೂರಾರು ನಿಯಮಗಳಾಗಿ ಒಂದೆಡೆ ಬರೆದು, ಅವುಗಳಿಂದ ತೀರ್ಮಾನ ಹೊರಡಿಸುವ ಯಂತ್ರಭಾಗವನ್ನು ಬೇರೆಯಾಗಿಯೇ ಇಟ್ಟಿದ್ದರು. ವೈದ್ಯರು ‘ಏಕೆ?’ ಎಂದು ಕೇಳಿದರೆ ಅದು ತಾನು ಅನುಸರಿಸಿದ ನಿಯಮವನ್ನು ತೋರಿಸುತ್ತಿತ್ತು! ಆಸ್ಪತ್ರೆಗಳ ದಿನನಿತ್ಯದ ಬಳಕೆಗೆ ಮೈಸಿನ್ ಬರಲಿಲ್ಲ. ಆದರೆ ಅದರ ವೈದ್ಯಕೀಯ ನಿಯಮಗಳನ್ನು ತೆಗೆದು ಉಳಿದ ಯಂತ್ರಭಾಗಕ್ಕೆ ‘ಎಮೈಸಿನ್’ ಎಂದು ಹೆಸರಿಟ್ಟು, ಬೇರೆ ನಿಯಮಗಳನ್ನು ತುಂಬಿದಾಗ ಶ್ವಾಸಕೋಶದ ಪರೀಕ್ಷೆಗಳನ್ನು ವಿವರಿಸುವ ‘ಪಫ್’ ಸಿದ್ಧವಾಯಿತು. ಪಾತ್ರೆ ಒಂದೇ, ಅಡುಗೆ ಬೇರೆ.

ನಿಯಮಗಳು ಹೆಚ್ಚಿದಂತೆ ವೇಗ ಕುಂದುವುದು ಸಹಜ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಫೋರ್ಜಿ ರೂಪಿಸಿದ ‘ರೀಟೆ’ ವಿಧಾನ ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿತು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಬಲೆ ಎಂದರ್ಥ. ಒಮ್ಮೆ ಹೊಂದಿಸಿ ನೋಡಿದ್ದನ್ನು ನೆನಪಿಟ್ಟುಕೊಂಡು, ಬದಲಾದಷ್ಟನ್ನೇ ಮತ್ತೆ ನೋಡುವುದು ಅದರ ಗುಟ್ಟು. ಅದೇ ವಿಶ್ವವಿದ್ಯಾಲಯದ ಜಾನ್ ಮೆಕ್‌ಡರ್ಮಟ್ 1978ರಲ್ಲಿ ಆರಂಭಿಸಿದ ‘ಎಕ್ಸ್‌ಕಾನ್’, ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿ ಗ್ರಾಹಕರು ಬಯಸಿದ ಕಂಪ್ಯೂಟರಿಗೆ ಯಾವ ಯಾವ ಭಾಗಗಳು ಬೇಕೆಂದು ನಿರ್ಧರಿಸುತ್ತಿತ್ತು. ಅದರ ನಿಯಮಗಳು ಸಾವಿರಗಟ್ಟಲೆಯಾದಾಗ ಅವುಗಳನ್ನು ನೋಡಿಕೊಳ್ಳುವುದೇ ದೊಡ್ಡ ಕೆಲಸವಾಯಿತು. ಮುಂದೆ ಫ್ರಾನ್ಸಿನ ಐಲಾಗ್ ಕಂಪನಿಯ ‘ಜೆರೂಲ್ಸ್’, 2001ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ‘ಡ್ರೂಲ್ಸ್’ ಮೊದಲಾದವು ಈ ವಿಚಾರವನ್ನು ವ್ಯವಹಾರ ಜಗತ್ತಿಗೆ ಕೊಂಡೊಯ್ದವು. 2009ರಲ್ಲಿ ಐಲಾಗ್ ಐಬಿಎಂ ವಶವಾಯಿತು.

ಹಾಗಾದರೆ ನಿಯಮವನ್ನು ಬೇರ್ಪಡಿಸಿದರೆ ಸಾಕೆ? ಆಸ್ಟ್ರೇಲಿಯದ ‘ರೋಬೋಡೆಟ್’ ಪ್ರಕರಣವನ್ನು ನೋಡಿ. ಅಲ್ಲಿ ಸರ್ಕಾರಿ ನೆರವು ಪಡೆದವರ ವರ್ಷದ ಆದಾಯವನ್ನು ಎರಡೆರಡು ವಾರಗಳಿಗೆ ಸಮನಾಗಿ ಹಂಚಿ, ವ್ಯತ್ಯಾಸ ಕಂಡರೆ ಬಾಕಿದಾರರೆಂದು ನೋಟೀಸು ಕಳಿಸಲಾಯಿತು. ಕೆಲವು ತಿಂಗಳು ಮಾತ್ರ ಕೂಲಿ ಸಿಗುವ ಬಡವನಿಗೆ ಈ ಸರಾಸರಿ ಹೇಗೆ ಹೊಂದೀತು? ಕ್ರಮ ಕಾನೂನುಬಾಹಿರವೆಂದು 2019ರಲ್ಲಿ ಸರ್ಕಾರವೇ ನ್ಯಾಯಾಲಯದಲ್ಲಿ ಒಪ್ಪಿತು. 2023ರಲ್ಲಿ ವಿಚಾರಣಾ ಆಯೋಗ ಅದನ್ನು ಕಟುವಾಗಿ ಖಂಡಿಸಿತು. ಅಲ್ಲಿ ಲೆಕ್ಕ ತಪ್ಪಿದ್ದು ಯಂತ್ರವಲ್ಲ, ನಿಯಮವೇ ತಪ್ಪಾಗಿತ್ತು.

ನಿಯಮವನ್ನು ಪ್ರೋಗ್ರಾಮಿನಿಂದ ಹೊರಗಿಡುವುದರ ನಿಜವಾದ ಪ್ರಯೋಜನ ವೇಗವಲ್ಲ. ಬರೆದವನಲ್ಲದ ಇನ್ನೊಬ್ಬನು ಅದನ್ನು ಓದಿ ಪ್ರಶ್ನಿಸಬಹುದು ಎಂಬುದೇ ಅದರ ಪ್ರಯೋಜನ. ಆದರೆ ಓದುವವರೇ ಇಲ್ಲದಿದ್ದರೆ, ತೆರೆದಿಟ್ಟ ನಿಯಮವೂ ಹುದುಗಿದ ನಿಯಮವೇ. ಇಂತಹ ವ್ಯವಸ್ಥೆಗಳನ್ನು ಕಟ್ಟುತ್ತಿರುವ ನನ್ನ ಶಿಷ್ಯರು, ಐವತ್ತು ವರ್ಷಗಳ ಹಿಂದೆ ಮೈಸಿನ್ ಉತ್ತರಿಸುತ್ತಿದ್ದ ‘ಏಕೆ?’ ಎಂಬ ಪ್ರಶ್ನೆಗೆ ತಮ್ಮ ಯಂತ್ರದಲ್ಲಿಯೂ ಜಾಗವಿಡಲಿ. ನೋಟೀಸು ಕೈಗೆ ಬಂದ ಬಡವನೂ ಆ ಪ್ರಶ್ನೆಯನ್ನು ಕೇಳುವಂತಾಗಲಿ.