ಹೊಗೆಯ ಲೆಕ್ಕ ಯಾರ ಖಾತೆಗೆ?

ಸರಗೂರಿನ ಸಮೀಪ ಬೀಚನಹಳ್ಳಿಯಲ್ಲಿ ಕಪಿಲಾ (ಕಬಿನಿ) ನದಿಗೆ ಕಟ್ಟಿದ ಕಬಿನಿ ಅಣೆಕಟ್ಟೆ 1974ರಲ್ಲಿ ಪೂರ್ಣಗೊಂಡಿತು. ಅದರ ಬುಡದಲ್ಲೀಗ 20 ಮೆಗಾವಾಟ್ ಸಾಮರ್ಥ್ಯದ ಖಾಸಗಿ ಜಲವಿದ್ಯುತ್ ಘಟಕವಿದೆ. ಅಲ್ಲಿಂದ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಹೊರಟರೆ ಮಳೆಗಾಲದ ನಡುವಿನಿಂದ ಊರೂರಲ್ಲೂ ಎಲೆ ಹದಮಾಡುವ ತಂಬಾಕು ಬ್ಯಾರನ್‌ಗಳು ಹೊಗೆಯಾಡುತ್ತಿರುತ್ತವೆ. ಕಬಿನಿಯ ಘಟಕದಿಂದ ಹೊರಬಿದ್ದ ಪ್ರತಿ ಯೂನಿಟ್ಟೂ ಮೀಟರಿನಲ್ಲಿ ದಾಖಲಾಗುತ್ತದೆ. ಬ್ಯಾರನ್ನಿಗೆ ಇಳಿಸಿದ ಸೌದೆ ಯಾವ ಮೀಟರಿಗೂ ಸಿಗುವುದಿಲ್ಲ. ಒಂದು ಪ್ರದೇಶ ಎಷ್ಟು ಶಕ್ತಿ ಉತ್ಪಾದಿಸುತ್ತದೆ, ಎಷ್ಟು ಬಳಸುತ್ತದೆ, ಎಷ್ಟು ಇಂಗಾಲ ಸೂಸುತ್ತದೆ ಎಂದು ಹೋಲಿಸಿ ನೋಡುವ ಅಧ್ಯಯನ ಕ್ಷೇತ್ರದ ಸಾಧನೆ ಮತ್ತು ಕೊರತೆ ಎರಡೂ ಈ ತಾಲ್ಲೂಕುಗಳಲ್ಲಿ ಒಟ್ಟಿಗೆ ಕಾಣಸಿಗುತ್ತವೆ.

ಮೆಗಾವಾಟ್‌ಗಳ ಕಾಲ

ಉತ್ಪಾದನೆ ಒಂದು ಕಡೆ, ಬಳಕೆ ಇನ್ನೊಂದು ಕಡೆ ಎಂಬ ಏರ್ಪಾಡು ಕರ್ನಾಟಕದಲ್ಲಿ ವಿದ್ಯುತ್ತಿನಷ್ಟೇ ಹಳೆಯದು. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ತಂತಿಯಲ್ಲಿ ಸಾಗಿ ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿಗೆ ಅದು 1905ರಲ್ಲಿ, ರಾಜಧಾನಿ ಮೈಸೂರಿಗೆ 1908ರಲ್ಲಿ ಬಂತು. ಸ್ವಾತಂತ್ರ್ಯಾನಂತರ ಜೋಗ ಮತ್ತು 1,035 ಮೆಗಾವಾಟ್‌ನ ಶರಾವತಿ ಯೋಜನೆಗಳು ರಾಜ್ಯದ ಬೆನ್ನೆಲುಬಾದವು. 1970ರಲ್ಲಿ ರಾಜ್ಯದ ವಿದ್ಯುತ್ ನಿಗಮ ಹುಟ್ಟಿತು. ಮಳೆಯನ್ನೇ ನಂಬಿ ಕೂರಲಾಗದೆ 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯತೊಡಗಿತು. ಬಳ್ಳಾರಿಯ ಕುಡತಿನಿ, ರಾಯಚೂರಿನ ಯರಮರಸ್, ಉಡುಪಿ ಜಿಲ್ಲೆಯ ನಂದಿಕೂರು ಆಮೇಲೆ ಸೇರಿಕೊಂಡವು.

ಈ ದಶಕಗಳಲ್ಲಿ ಪ್ರದೇಶಗಳ ಹೋಲಿಕೆಯೆಂದರೆ ಮೆಗಾವಾಟ್‌ಗಳ ಎಣಿಕೆಯಷ್ಟೇ. ಸ್ಥಾಪಿತ ಸಾಮರ್ಥ್ಯವೆಷ್ಟು, ಎಷ್ಟು ಹಳ್ಳಿಗೆ ಕಂಬ ಹೋಯಿತು, ತಲಾ ಬಳಕೆಯೆಷ್ಟು ಎಂಬುದರಿಂದಲೇ ಪ್ರಗತಿಯನ್ನು ಅಳೆಯುತ್ತಿದ್ದರು. ಹಳ್ಳಿಯ ಜನ ನಿಜವಾಗಿ ಯಾವ ಶಕ್ತಿಯಿಂದ ಬದುಕುತ್ತಿದ್ದಾರೆಂದು ಆ ಕೋಷ್ಟಕಗಳಿಂದ ತಿಳಿಯುತ್ತಿರಲಿಲ್ಲ.

ಹಳ್ಳಿಯೊಳಕ್ಕೆ ಹೋದ ವಿಜ್ಞಾನ

ಈ ದೃಷ್ಟಿಯನ್ನು ಬದಲಿಸಿದ ಕೆಲಸ ಕನ್ನಡ ನೆಲದಲ್ಲೇ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಯ ಶಕ್ತಿಯ ಲೆಕ್ಕ ತೆಗೆಯಿತು. ಒಲೆಗೆ ಎಷ್ಟು ಸೌದೆ, ಬುಡ್ಡಿಗೆ ಎಷ್ಟು ಸೀಮೆಎಣ್ಣೆ, ಎತ್ತು ಎಷ್ಟು ಹೊತ್ತು ಉಳುತ್ತದೆ, ಹೆಂಗಸರು ಮಕ್ಕಳು ನೀರು ಸೌದೆಗಾಗಿ ಎಷ್ಟು ನಡೆಯುತ್ತಾರೆ ಎಂಬುದೆಲ್ಲ ಒಂದೇ ಖಾತೆಗೆ ಬಂತು. ಪುರ ಎಂಬ ಹಳ್ಳಿಯಲ್ಲಿ ಒಟ್ಟು ಶಕ್ತಿಯ ಶೇ 80ಕ್ಕೂ ಹೆಚ್ಚು ಪಾಲು ಸೌದೆಯದು, ವಿದ್ಯುತ್ತಿನ ಪಾಲು ಶೇ 1ರ ಆಸುಪಾಸು ಎಂದು ಗೊತ್ತಾಯಿತು. ಅಧಿಕೃತ ದಾಖಲೆಗಳ ಪ್ರಕಾರ ಆ ಊರು ವಿದ್ಯುತ್ ಸಂಪರ್ಕವುಳ್ಳ ಊರೇ.

ರೆಡ್ಡಿಯವರ ವಾದ ಮುಂದೆ ರಾಜ್ಯಮಟ್ಟಕ್ಕೂ ಏರಿತು. ವಿದ್ಯುತ್ ಯೋಜನೆ ತಯಾರಿಸುವವರು ಬೇಡಿಕೆಯ ಗೆರೆಯನ್ನು ಕಣ್ಣುಮುಚ್ಚಿ ಮೇಲಕ್ಕೆ ಎಳೆಯುತ್ತ ಹೋಗುವ ಬದಲು, ಜನರಿಗೆ ಬೇಕಾದ ಬೆಳಕು, ನೀರು, ಅಡುಗೆಯಂಥ ಸೇವೆಗಳಿಂದ ಲೆಕ್ಕ ಶುರುಮಾಡಬೇಕು ಎಂದು 1990ರ ಆಸುಪಾಸಿನಲ್ಲಿ ಅವರು ಕರ್ನಾಟಕಕ್ಕಾಗಿಯೇ ಪರ್ಯಾಯ ಯೋಜನೆಯೊಂದನ್ನು ಮುಂದಿಟ್ಟರು. ಅದೇ ಸಂಸ್ಥೆಯ ಟಿ.ವಿ. ರಾಮಚಂದ್ರ ಉತ್ತರ ಕನ್ನಡ, ಕೋಲಾರದಂಥ ಜಿಲ್ಲೆಗಳ ಜೈವಿಕ ಇಂಧನದ ಲಭ್ಯತೆ ಮತ್ತು ಬೇಡಿಕೆಯನ್ನು ಪಕ್ಕಪಕ್ಕ ಇಟ್ಟು ಅಧ್ಯಯನ ಮಾಡಿದರು.

ಇಂಗಾಲದ ಖಾತೆ ತೆರೆದಾಗ

ಹವಾಮಾನ ಬದಲಾವಣೆಯ ಚರ್ಚೆ ಮೂರನೆಯ ಘಟ್ಟವನ್ನು ತಂದಿತು. ಅಮಿತ್ ಗರ್ಗ್, ಪಿ.ಆರ್. ಶುಕ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನಗಳು ದೇಶದ ಹೊರಸೂಸುವಿಕೆಯನ್ನು ಜಿಲ್ಲೆ ಮತ್ತು ವಲಯವಾರು ಬಿಡಿಸಿ ತೋರಿಸಿದವು. ಬೃಹತ್ ಶಾಖೋತ್ಪನ್ನ ಸ್ಥಾವರ, ಉಕ್ಕು, ಸಿಮೆಂಟ್ ಕಾರ್ಖಾನೆಗಳಿರುವ ಕೆಲವೇ ಜಿಲ್ಲೆಗಳ ಮೇಲೆ ಭಾರ ಬಿದ್ದಿರುವುದು ಸ್ಪಷ್ಟವಾಯಿತು. 2006ರಿಂದ ಕೇಂದ್ರೀಯ ವಿದ್ಯುತ್ ಪ್ರಾಧಿಕಾರ ವಿದ್ಯುತ್ ಜಾಲದ ಪ್ರತಿ ಯೂನಿಟ್ಟಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಎಂಬ ಲೆಕ್ಕ ಪ್ರಕಟಿಸತೊಡಗಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ದಕ್ಷಿಣದ ಜಾಲವನ್ನು ಉಳಿದ ದೇಶದೊಂದಿಗೆ ಬೆಸೆದ ಮೇಲೆ ಇಡೀ ದೇಶಕ್ಕೆ ಒಂದೇ ಸರಾಸರಿ ಬಂತು. ಈಚಿನ ವರ್ಷಗಳಲ್ಲಿ ಅದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ.

ಇಲ್ಲೇ ಮೂಲಭೂತ ತಕರಾರು ಎದ್ದಿತು. ಹೊಗೆ ಏಳುವ ಊರು ಹೊಣೆಯೋ, ಕರೆಂಟು ಉರಿಸುವ ಊರು ಹೊಣೆಯೋ? ಉತ್ಪಾದನೆಯ ಲೆಕ್ಕ ಹಿಡಿದರೆ ರಾಯಚೂರು, ಬಳ್ಳಾರಿ ತಪ್ಪಿತಸ್ಥರು. ಬಳಕೆಯ ಲೆಕ್ಕ ಹಿಡಿದರೆ ರಾಜ್ಯದ ವಿದ್ಯುತ್ತಿನಲ್ಲಿ ಅರ್ಧದ ಹತ್ತಿರ ಖರ್ಚು ಮಾಡುವ ಬೆಂಗಳೂರು ವಿದ್ಯುತ್ ಕಂಪನಿ ಬೆಸ್ಕಾಂನ ವ್ಯಾಪ್ತಿಯತ್ತ ಬೆರಳು ತಿರುಗುತ್ತದೆ. ಬ್ರಿಟನ್ 2005ರಿಂದೀಚಿನ ವರ್ಷಗಳಿಗೆ ಸ್ಥಳೀಯ ಆಡಳಿತವಾರು ಪ್ರಕಟಿಸುವ ಅಂಕಿಅಂಶಗಳಲ್ಲಿ ವಿದ್ಯುತ್ತಿನ ಹೊಗೆಯನ್ನು ಬಳಕೆದಾರನ ಊರಿಗೇ ಹಾಕುತ್ತದೆ. ನಮ್ಮಲ್ಲಿ ಜಿಎಚ್‌ಜಿ ಪ್ಲಾಟ್‌ಫಾರ್ಮ್ ಇಂಡಿಯಾ ಹೊರಸೂಸುವಿಕೆಯ ರಾಜ್ಯವಾರು ಅಂದಾಜು ಕೊಟ್ಟಿದೆ. ನೀತಿ ಆಯೋಗ 2022ರಲ್ಲಿ ರಾಜ್ಯಗಳ ಇಂಧನ ಮತ್ತು ಹವಾಮಾನ ಸೂಚ್ಯಂಕ ಹೊರತಂದಿತು. ಆದರೆ ತಾಲ್ಲೂಕಿನ ಮಟ್ಟಕ್ಕೆ ಇವು ಇಳಿಯುವುದಿಲ್ಲ.

ಲೆಕ್ಕಕ್ಕೆ ಸಿಗದ ಶಾಖ

ಲೆಕ್ಕ ತಾಲ್ಲೂಕಿಗೆ ಇಳಿದರೆ ಏನು ಕಂಡೀತು? ಹುಣಸೂರು ಸೀಮೆಯ ವರ್ಜೀನಿಯಾ ತಂಬಾಕು ಕೊಳವೆಯ ಶಾಖದಲ್ಲಿ ಹದವಾಗುತ್ತದೆ. ಎಲೆ ಹಳದಿಗೆ ತಿರುಗಿ, ಬಣ್ಣ ನಿಂತು, ನಡುದಂಟು ಒಣಗುವವರೆಗೆ ಹಗಲು ರಾತ್ರಿ ಬೆಂಕಿ ಕಾಯಬೇಕು. ಒಂದು ಕೆ.ಜಿ. ಹದವಾದ ಎಲೆಗೆ ಸಾಮಾನ್ಯವಾಗಿ 4–5 ಕೆ.ಜಿ. ಸೌದೆ ಎಂಬುದು ಬಳಕೆಯಲ್ಲಿರುವ ಲೆಕ್ಕ. ತಂಬಾಕು ಮಂಡಳಿ ಕರ್ನಾಟಕಕ್ಕೆ ಹಲವು ವರ್ಷ ನಿಗದಿ ಮಾಡಿದ 10 ಕೋಟಿ ಕೆ.ಜಿ. ಬೆಳೆಗೆ ಕನಿಷ್ಠ 4 ಲಕ್ಷ ಟನ್ ಸೌದೆ ಬೇಕು. ಇದರಲ್ಲಿ ಹಾಸನ ಜಿಲ್ಲೆಯ ಪಾಲೂ ಉಂಟು; ದೊಡ್ಡ ಪಾಲು ಈ ತಾಲ್ಲೂಕುಗಳದ್ದೇ. ಕೆ.ಜಿ. ಸೌದೆಗೆ 4 ಯೂನಿಟ್‌ನಷ್ಟು ಶಾಖವೆಂದರೂ ಒಟ್ಟು 160 ಕೋಟಿ ಯೂನಿಟ್ ಆಯಿತು. ಕಬಿನಿಯ ಘಟಕ ವರ್ಷವಿಡೀ ಒಂದು ಗಳಿಗೆಯೂ ನಿಲ್ಲದೆ ತಿರುಗಿದರೂ ಕೊಡಬಲ್ಲದ್ದು ಸುಮಾರು 17.5 ಕೋಟಿ ಯೂನಿಟ್. ಶಾಖ ಬೇರೆ, ವಿದ್ಯುತ್ ಬೇರೆ, ನಿಜ. ಆದರೂ ಯಾವುದು ಕಣ್ಣಿಗೆ ಬಿದ್ದಿದೆ, ಯಾವುದು ತಪ್ಪಿಸಿಕೊಂಡಿದೆ ಎಂಬುದು ಈ ಅಂತರದಿಂದ ತಿಳಿಯುತ್ತದೆ.

ಈ ಸೌದೆಯಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ 7 ಲಕ್ಷ ಟನ್‌ನಷ್ಟು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇಂಧನ ವಿಭಾಗದ ಮೊತ್ತದಲ್ಲಿ ಅದನ್ನು ಸೇರಿಸುವಂತಿಲ್ಲ. ಮರ ಮತ್ತೆ ಬೆಳೆದರೆ ಇಂಗಾಲ ಮರಳುತ್ತದೆ, ಬೆಳೆಯದಿದ್ದರೆ ಭೂಬಳಕೆಯ ವಿಭಾಗದಲ್ಲಿ ನಷ್ಟ ಕಾಣುತ್ತದೆ ಎಂಬುದು ಅದರ ತರ್ಕ. ನೆಟ್ಟು ಬೆಳೆಸಿದ ನೀಲಗಿರಿ, ಸರ್ವೆಗೆ ಈ ತರ್ಕ ಒಪ್ಪುತ್ತದೆ. ಆದರೆ ಎಚ್.ಡಿ. ಕೋಟೆಯ ಬ್ಯಾರನ್ನಿಗೆ ಕೊಡಗಿನ ತೋಟದ ಮರ ಬಂದರೆ ನಷ್ಟ ಕೊಡಗಿಗೆ, ಬೆಳೆ ಮೈಸೂರು ಜಿಲ್ಲೆಗೆ. ರಾಯಚೂರು–ಬೆಂಗಳೂರಿನ ತಕರಾರೇ ಇಲ್ಲಿ ಸೌದೆಯ ರೂಪದಲ್ಲಿದೆ.

ಪಂಪ್‌ಸೆಟ್ಟಿನ ಕಥೆಯೂ ಬೇರೆಯಲ್ಲ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಇದೆ, ಬಹುತೇಕಕ್ಕೆ ಮೀಟರ್ ಇಲ್ಲ. ಹಾಗಾಗಿ ಮೈಸೂರು ಭಾಗದ ವಿದ್ಯುತ್ ಕಂಪನಿ ಸೆಸ್ಕ್ ಆಗಲಿ ಬೇರೆ ಕಂಪನಿಯಾಗಲಿ ಕೊಡುವ ಕೃಷಿ ಬಳಕೆಯ ಅಂಕಿಯಲ್ಲಿ ಅಂದಾಜಿನ ಪಾಲು ದೊಡ್ಡದು. ನಾಗರಹೊಳೆಯ ಅಂಚಿನ ಆದಿವಾಸಿ ಹಾಡಿಗಳಲ್ಲಿ ಇದಕ್ಕೆ ತಿರುಗುಮುರುಗು: ಬಳಕೆ ಎಷ್ಟು ಅಲ್ಪವೆಂದರೆ ತಾಲ್ಲೂಕಿನ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ.

ನೂರಿಪ್ಪತ್ತು ವರ್ಷಗಳಲ್ಲಿ ಈ ಕ್ಷೇತ್ರ ಮೆಗಾವಾಟಿನಿಂದ ಮನೆಯ ಒಲೆಗೆ ಇಳಿಯಿತು, ಅಲ್ಲಿಂದ ರಾಷ್ಟ್ರೀಯ ಇಂಗಾಲದ ಖಾತೆಗೆ ಏರಿತು. ಏರುವಾಗ ಒಲೆಯನ್ನು ಹಿಂದೆ ಬಿಟ್ಟಿತು. ಉಂಗ್ರದಲ್ಲಿ ಮಾಡಿದ ಬಗೆಯ ಸಮೀಕ್ಷೆಯನ್ನು ಪ್ರತಿ ತಾಲ್ಲೂಕಿನಲ್ಲೂ ಮತ್ತೆ ಮಾಡಿ, ಅದಕ್ಕೆ ಫೀಡರ್‌ವಾರು ವಿದ್ಯುತ್ತಿನ ಅಂಕಿ ಮತ್ತು ಸೌದೆ ಬಂದ ಊರಿನ ವಿವರ ಸೇರಿಸುವುದು ಮುಂದಿನ ಹೆಜ್ಜೆಯಾಗಬೇಕು. ಅಂಥ ಲೆಕ್ಕ ಕೈಯಲ್ಲಿದ್ದರೆ ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ಹೊಸ ವಿದ್ಯುತ್ ಘಟಕಕ್ಕಿಂತ ಮೊದಲು ಹಣ ಹಾಕಬೇಕಾದದ್ದು ಬ್ಯಾರನ್ನಿನ ಚಾವಣಿಯಿಂದ ಸೋರುವ ಶಾಖ ತಡೆಯುವುದಕ್ಕೋ, ಪಂಪ್‌ಸೆಟ್ಟಿನ ಸೌರ ಫೀಡರಿಗೋ, ಬೆಳೆ ಬದಲಾವಣೆಗೋ ಎಂದು ಅಂಕಿಯ ಆಧಾರದಲ್ಲಿ ತೀರ್ಮಾನಿಸಬಹುದು.