ನಾನ್ಸೆನ್‌ನ ಪಾತ್ರೆ ಹಗುರವೇ?

ಚಾರಣಕ್ಕೆ ಪಾತ್ರೆ ಕೊಳ್ಳಲು ಹೋದವರು ಮೊದಲು ಅದನ್ನು ಅಂಗೈಯಲ್ಲಿ ಎತ್ತಿ ನೋಡುತ್ತಾರೆ. ಈ ಟಿಪ್ಪಣಿಯ ತಕರಾರು ಆ ತೂಕದ ಬಗ್ಗೆಯೇ. ಪಾತ್ರೆ ಎಷ್ಟು ಸೀಮೆಎಣ್ಣೆ ತಿನ್ನುತ್ತದೆ ಎಂಬುದನ್ನೂ ತಕ್ಕಡಿಗೆ ಹಾಕದಿದ್ದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ, ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಹಿಮಯಾತ್ರೆಗೆ ಒಯ್ದ ಅಡುಗೆ ಸಾಧನ.

1888ರಲ್ಲಿ ಅವನ ಆರು ಜನರ ತಂಡ ಗ್ರೀನ್‌ಲ್ಯಾಂಡನ್ನು ಅಡ್ಡಹಾದಾಗ ಜೊತೆಯಲ್ಲಿದ್ದದ್ದು ಸ್ಪಿರಿಟ್ ಒಲೆ. ಕಣ್ಣು ಹಾಯುವಷ್ಟು ದೂರ ಹಿಮ, ಕುಡಿಯಲು ಮಾತ್ರ ನೀರಿಲ್ಲ. ತಗಡಿನ ಸೀಸೆಗೆ ಹಿಮ ತುಂಬಿ, ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಮೈಬಿಸಿಯಲ್ಲಿ ಕರಗಿಸಿಕೊಳ್ಳುತ್ತಿದ್ದರು. 1895ರ ಮಾರ್ಚ್ 14ರಂದು ‘ಫ್ರಾಮ್’ ಹಡಗನ್ನು ಬಿಟ್ಟು ಸಂಗಡಿಗ ಯೊಹಾನ್ಸೆನ್ ಒಬ್ಬನನ್ನೇ ಕರೆದುಕೊಂಡು ಉತ್ತರಕ್ಕೆ ಹೊರಟಾಗ ಅವನ ಬಳಿ ಸೀಮೆಎಣ್ಣೆಯ ಪ್ರೈಮಸ್ ಸ್ಟೌ ಇತ್ತು, ಅದರ ಮೇಲೆ ಕೂರುವ ವಿಚಿತ್ರ ಪಾತ್ರೆಯೂ ಇತ್ತು.

ನಡುವೆ ಅಡುಗೆಯ ಪಾತ್ರೆ. ಅದರ ಸುತ್ತ ಬಳೆಯಾಕಾರದ ಇನ್ನೊಂದು, ನೆತ್ತಿಯ ಮೇಲೆ ಅಗಲವಾದ ಮತ್ತೊಂದು. ಈ ಎರಡರಲ್ಲೂ ಹಿಮ. ಎಲ್ಲವನ್ನೂ ಮುಚ್ಚುವ ಹೊರಗವಸು. ಬಿಸಿಗಾಳಿ ನಡುವಣ ಪಾತ್ರೆಯ ಮೈ ಸವರಿ ಮೇಲೇರಿ, ನೆತ್ತಿಯ ಪಾತ್ರೆಯ ತಳ ಕಾಯಿಸಿ, ಬಳೆಯ ಹೊರಮೈಗುಂಟ ಕೆಳಗಿಳಿದು ಆಮೇಲೆ ಹೊರಬೀಳಬೇಕು. ನಮ್ಮ ಹಳೆಯ ಅಡುಗೆಮನೆಯ ಕೋಡೊಲೆ ನೋಡಿದವರಿಗೆ ಇದು ಹೊಸತೆನಿಸದು: ಅಲ್ಲಿಯೂ ಮುಖ್ಯ ಒಲೆಯ ಮಿಕ್ಕ ಉರಿ ಪಕ್ಕಕ್ಕೆ ನುಗ್ಗಿ ಎರಡನೆಯ ಪಾತ್ರೆಯನ್ನು ಕಾಯಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೂರು ಪಾತ್ರೆಗಳ ಅಸ್ತ್ರ ಒಲೆಯದೂ ಇದೇ ಜಾಣತನ.

ನಾನ್ಸೆನ್‌ನ ಒಳಪಾತ್ರೆ ಜರ್ಮನ್ ಸಿಲ್ವರಿನದು, ಮುಚ್ಚಳ ಮತ್ತು ಹೊರಗವಸು ಅಲ್ಯೂಮಿನಿಯಮ್ಮಿನವು. (ನಮ್ಮಲ್ಲಿ ಹಲವೆಡೆ ‘ಜರ್ಮನ್ ಪಾತ್ರೆ’ ಎಂದರೆ ಅಲ್ಯೂಮಿನಿಯಮ್ಮೇ. ತಾಮ್ರ, ನಿಕಲ್, ಸತು ಬೆರೆತ ಜರ್ಮನ್ ಸಿಲ್ವರ್ ಬೇರೆ, ಗೊಂದಲ ಬೇಡ.) ಲೋಟ ಚಮಚಗಳೂ ಸೇರಿ ತೂಕ ಸುಮಾರು 4 ಕಿಲೋ. ಅಂಗೈ ತೂಕದ ಪರೀಕ್ಷೆಯಲ್ಲಿ ಇದು ಮೊದಲ ಸುತ್ತಿನಲ್ಲೇ ಅನುತ್ತೀರ್ಣ. ಆದರೆ ನಾಲ್ಕು ಗ್ಯಾಲನ್‌ನಷ್ಟು, ಅಂದರೆ ಸುಮಾರು 18 ಲೀಟರ್ ಸೀಮೆಎಣ್ಣೆ ಇಬ್ಬರಿಗೆ 120 ದಿನ ಬಂತು. ದಿನಕ್ಕೆ 150 ಮಿಲಿ, ಒಂದು ಕಾಫಿ ಲೋಟದಷ್ಟು. ಅಷ್ಟರಲ್ಲೇ ಎರಡು ಹೊತ್ತು ಬಿಸಿ ಊಟ, ಬೇಕಾದಷ್ಟು ನೀರು.

ಆ ಭಾರ ಲಾಭಕ್ಕೆ ಬಂದದ್ದರ ಕಾರಣ ಹಿಮದಲ್ಲಿದೆ. 20 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಗೆ ತರಲು ಸುಮಾರು 335 ಕಿಲೋಜೂಲ್ ಶಾಖ ಸಾಕು. ಒಂದು ಕಿಲೋ ಹಿಮ ಬರಿದೇ ಕರಗುವುದಕ್ಕೇ ಹೆಚ್ಚುಕಡಿಮೆ ಅಷ್ಟು ಬೇಕು. ಕುದಿಯುವ ಹೊತ್ತಿಗೆ ಒಟ್ಟು 750. ಸೀಮೆಎಣ್ಣೆಯ ಗ್ರಾಮಿಗೆ 43 ಕಿಲೋಜೂಲ್ ಎಂದು ಹಿಡಿಯೋಣ. ಸಾದಾ ಪಾತ್ರೆ ಶಾಖದಲ್ಲಿ ಶೇ. 40ನ್ನು, ತಳಕ್ಕೆ ರೆಕ್ಕೆಪಟ್ಟಿ ಬೆಸೆದ ಇಂದಿನ ಪಾತ್ರೆ ಶೇ. 60ನ್ನು ಹಿಡಿದುಕೊಳ್ಳುತ್ತದೆ ಎಂದುಕೊಂಡರೆ (ಗಾಳಿ ಬೀಸಿದರೆ ಎರಡೂ ಅಂಕಿ ಕುಸಿಯುತ್ತವೆ, ಇದು ನನ್ನ ಅಂದಾಜು), ರೆಕ್ಕೆಪಟ್ಟಿಯದು ಹಿಮದಿಂದ ಶುರುಮಾಡಿದ ಲೀಟರಿಗೆ 14-15 ಗ್ರಾಂ ಎಣ್ಣೆ ಉಳಿಸುತ್ತದೆ, ತೊರೆಯ ನೀರಿನ ಲೀಟರಿಗೆ ಆರೂವರೆ ಗ್ರಾಂ. ಪಾತ್ರೆ 100 ಗ್ರಾಂ ಹೆಚ್ಚು ಭಾರವಿದ್ದರೆ ಆ ಸಾಲ ಹಿಮದಲ್ಲಿ ಏಳು ಲೀಟರಿಗೆ ತೀರುತ್ತದೆ, ತೊರೆಯ ದಡದಲ್ಲಿ ಹದಿನೈದಕ್ಕೆ.

ಹಾಗಾಗಿ ಅಷ್ಟೊಂದು ನೀರು ಕಾಯಿಸದ, ಪಶ್ಚಿಮಘಟ್ಟದಲ್ಲಿ ಎರಡು ದಿನ ಅಲೆಯುವ ಒಬ್ಬಂಟಿಗೆ ನಾನ್ಸೆನ್‌ನ ಪಾಠ ಅನ್ವಯಿಸುವುದಿಲ್ಲ. ಬಿಗಿ ಮುಚ್ಚಳದ ತೆಳು ಅಲ್ಯೂಮಿನಿಯಂ ಬೋಗುಣಿ, ಒಂದು ಇಕ್ಕಳ, ಇಷ್ಟೇ ಸಾಕು.

ಟೈಟಾನಿಯಂ ಬಗ್ಗೆ ಕೇಳುವವರಿಗೆ ಒಂದು ಮಾತು. ಅದರ ಸಾಂದ್ರತೆ 4.5, ಅಲ್ಯೂಮಿನಿಯಮ್ಮಿನದು 2.7. ಗಟ್ಟಿತನದಿಂದಾಗಿ ಅದನ್ನು ಕಾಗದದಂತೆ ತೆಳುವಾಗಿ ತಟ್ಟಬಹುದು, ಹಗುರ ಬರುವುದು ಅಲ್ಲಿಂದ. ಶಾಖ ಹರಡುವುದರಲ್ಲಿ ಮಾತ್ರ ಅಲ್ಯೂಮಿನಿಯಮ್ಮಿನ ಹತ್ತನೇ ಒಂದು ಪಾಲೂ ಇಲ್ಲ. ಚಹಾಕ್ಕೆ ನೀರು ಕಾಯಿಸುವವರಿಗೆ ಇದು ಗೊತ್ತೇ ಆಗದು. ಅನ್ನಕ್ಕಿಟ್ಟರೆ ಉರಿ ತಾಗಿದ ನಡುಭಾಗದಲ್ಲಿ ರೂಪಾಯಿಯಗಲ ಕರಿ ಸೀಕಲು, ಅಂಚಿನಲ್ಲಿ ಇನ್ನೂ ಬೇಯದ ಅಕ್ಕಿ.