ಇಂಕಾ ಎಲುಬಿನ ವೃತ್ತಾಂತ

ಮನುಷ್ಯನ ಕಪಾಲವು ಹೊರನೋಟಕ್ಕೆ ಒಂದೇ ಚಿಪ್ಪಿನಂತೆ ತೋರಿದರೂ, ವಸ್ತುತಃ ಅದು ಹಲವು ಎಲುಬುಗಳ ಕೂಟವಾಗಿದೆ. ಇವು ಕೂಡುವ ಗೆರೆಯು ಬಟ್ಟೆಯ ಹೊಲಿಗೆಯನ್ನು ಹೋಲುವುದರಿಂದ, ಸುಶ್ರುತಸಂಹಿತೆಯಲ್ಲಿ ತಲೆಯ ಸಂಧಿಗಳಿಗೆ ‘ತುನ್ನಸೇವನೀ’ ಎಂಬ ಅನ್ವರ್ಥನಾಮವು ಬಂದಿದೆ. ಆದರೆ ಈ ಹೊಲಿಗೆಯು ಎಲ್ಲರಲ್ಲಿಯೂ ಏಕರೀತಿಯಾಗಿರುವುದಿಲ್ಲ. ಈ ಭೇದವನ್ನು ಅರಿಯದೆ ಮಾಡಿದ ತೀರ್ಮಾನವು ಎಂತಹ ಅನ್ಯಾಯಕ್ಕೆ ಎಡೆಗೊಡುವುದೆಂಬುದನ್ನು ವಾಚಕರು ಇಂಕಾ ಎಲುಬಿನ ವೃತ್ತಾಂತದಲ್ಲಿ ಕಾಣಬಹುದು.

ಸ್ವಿಟ್ಜರ್ಲೆಂಡಿನ ಪ್ರಕೃತಿಶಾಸ್ತ್ರಜ್ಞನಾದ ಚೂಡಿ ಎಂಬವನು ೧೮೩೮ರಿಂದ ಕೆಲವು ವರ್ಷಗಳ ಕಾಲ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಸಂಚರಿಸಿದನು. ಅಲ್ಲಿಯ ಪ್ರಾಚೀನರ ತಲೆಬುರುಡೆಗಳಲ್ಲಿ ಕೆಲವಕ್ಕೆ ಹಿಂದಲೆಯಲ್ಲಿ ಅಡ್ಡಗೆರೆಯೊಂದು ಹಾಯ್ದಿದ್ದು, ಅದರ ಮೇಲಣ ಭಾಗವು ತ್ರಿಕೋಣಾಕಾರದ ಬೇರೊಂದು ಎಲುಬಾಗಿತ್ತು. ಪೆರುವಿನ ವಿದ್ವಾಂಸ ರಿವೇರೋನೊಡನೆ ೧೮೫೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು ಇದನ್ನು ಆ ದೇಶದ ಜನರ ವಿಶೇಷ ಲಕ್ಷಣವೆಂದು ಬಗೆದನು. ಅಲ್ಲಿ ಆಳಿದ ಇಂಕಾ ಅರಸರ ಹೆಸರೇ ಎಲುಬಿಗೂ ನಿಂತಿತು. ಕೆಲವು ಮೃಗಗಳಲ್ಲಿಯೂ ಇಂತಹ ಎಲುಬು ಇರುವುದರಿಂದ, ಇದು ಕೀಳು ಜನಾಂಗದ ಗುರುತೆಂದು ಎಣಿಸಿದ ಪಂಡಿತರೂ ಯೂರೋಪಿನಲ್ಲಿ ಉಂಟಾದರು.

ಶೋಧನೆಯು ಮುಂದುವರಿದಂತೆ ಅದೇ ಎಲುಬು ಯೂರೋಪು, ಆಫ್ರಿಕ, ಭಾರತಗಳ ಕಪಾಲಗಳಲ್ಲಿಯೂ ದೊರೆಯಿತು. ಅದು ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಕಾಣುವುದು ನಿಜ. ಆದರೆ ಯಾವ ಜನಾಂಗದ ಸೊತ್ತೂ ಅಲ್ಲ. ಹಿಂದಲೆಯ ಎಲುಬಿನ ಮೇಲ್ಭಾಗವು ಗರ್ಭದಲ್ಲಿ ಪೊರೆಯಿಂದಲೂ, ಕೆಳಭಾಗವು ಮೃದ್ವಸ್ಥಿಯಿಂದಲೂ ಬೆಳೆಯುತ್ತವೆ. ಸಾಮಾನ್ಯವಾಗಿ ಇವೆರಡೂ ಬೆಸೆದು ಒಂದಾಗುವುವು. ಬೆಸೆಯದೆ ಉಳಿದರೆ ಅದೇ ಇಂಕಾ ಎಲುಬು. ಇದರಲ್ಲಿ ಮೇಲುಕೀಳೆಂಬ ಮಾತಿಗೆ ಅವಕಾಶವೆಲ್ಲಿ?

೧೮೯೫ರಲ್ಲಿ ರಂಟ್ಗೆನ್ ಪಂಡಿತನು ಕ್ಷ-ಕಿರಣವನ್ನು ಕಂಡುಹಿಡಿದ ತರುವಾಯ ಈ ಜ್ಞಾನವು ವೈದ್ಯರಿಗೆ ಅತ್ಯಾವಶ್ಯಕವಾಯಿತು. ತಲೆಗೆ ಪೆಟ್ಟು ಬಿದ್ದ ಮಗುವಿನ ಚಿತ್ರದಲ್ಲಿ ಹುಟ್ಟಿನಿಂದಲೇ ಇದ್ದ ಗೆರೆಯು ಮುರಿತವೆಂದು ತೋರಬಹುದು. ಆಗ ಬೇಡದ ಚಿಕಿತ್ಸೆ ನಡೆಯುವುದಲ್ಲದೆ, ಮಗುವನ್ನು ಹೊಡೆದರೆಂಬ ಅಪವಾದವು ನಿರಪರಾಧಿಗಳಾದ ತಾಯಿತಂದೆಗಳ ಮೇಲೆ ಬರಲೂಬಹುದು. ನಿಜವಾದ ಮುರಿತವನ್ನು ಸಹಜವಾದ ಗೆರೆಯೆಂದು ಉಪೇಕ್ಷಿಸಿದರೆ ಪ್ರಾಣಕ್ಕೇ ಅಪಾಯ. ಹೊಸ ಮುರಿತದ ಅಂಚು ಸಾಮಾನ್ಯವಾಗಿ ಹರಿತವಾಗಿಯೂ ನೇರವಾಗಿಯೂ ಇರುವುದು. ಸಂಧಿಯ ಗೆರೆಯು ಹಲ್ಲುಹಲ್ಲಾಗಿ, ಅಂಚು ದಟ್ಟವಾಗಿ ಕಾಣುವುದು. ಇಷ್ಟನ್ನು ವಿವೇಚಿಸಿ ನೋಡುವ ವೈದ್ಯನ ಕೈಯಲ್ಲಿ ಮಗುವೂ ಕ್ಷೇಮ, ಮನೆಯ ಮಾನವೂ ಕ್ಷೇಮ.